ಪ್ಲಗ್ ಥ್ರೆಡ್ ಹೋದ ಹೆಡ್: ಕಾಯಿಲ್, ಬುಷ್ ಮತ್ತು ಸರಿಯಾದ ರಿಪೇರಿ

ಬೈಕಿನ ಸ್ಪಾರ್ಕ್ ಪ್ಲಗ್ ಬಿಗಿಯುವಾಗ ಪಾನಾ ಒಂದು ಹಂತಕ್ಕೆ ಗಟ್ಟಿಯಾದಂತೆ ಅನ್ನಿಸಿ, ಮುಂದಿನ ಅರ್ಧ ಸುತ್ತಿಗೆ ಮತ್ತೆ ಹಗುರಾಗಿಬಿಟ್ಟರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಹೆಡ್‌ನ, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದ, ಅಲ್ಯೂಮಿನಿಯಂ ಥ್ರೆಡ್ ಹರಿದಿದೆ. ಇನ್ನಷ್ಟು ತಿರುಗಿಸಿದರೆ ಉಳಿದಿರುವ ಸುತ್ತುಗಳೂ ಹೋಗುತ್ತವೆ. ಪ್ಲಗ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಅದರ ಥ್ರೆಡ್ ಸಂದಿಯಲ್ಲಿ ಬೆಳ್ಳಿ ಬಣ್ಣದ ತೆಳು ಸುರುಳಿ ಸುತ್ತಿಕೊಂಡು ಬಂದಿದ್ದರೆ ಅದು ಹೆಡ್‌ನ ಥ್ರೆಡ್ಡೇ.

ಕೆಲವೊಮ್ಮೆ ಹಾನಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಪ್ಲಗ್ ಕೂತಂತೆಯೇ ಇರುತ್ತದೆ, ಗಾಡಿ ಓಡುತ್ತದೆ, ಆದರೆ ಎಳೆತ ಕಡಿಮೆ. ವೇಗ ಕೊಟ್ಟಾಗ ಟಕ್ ಟಕ್ ಎಂಬ ಸದ್ದು ಬರುತ್ತದೆ. ಇದನ್ನು ವಾಲ್ವ್ ಒತ್ತುವ ಟ್ಯಾಪೆಟ್‌ನ ಸದ್ದೆಂದು ತಿಳಿದು ಟ್ಯಾಪೆಟ್ ಸೆಟ್ ಮಾಡಿಸಿದವರು ಬೇಕಾದಷ್ಟು ಜನ. ಪ್ಲಗ್ ಬುಡದ ಸುತ್ತ ಕಪ್ಪು ಎಣ್ಣೆ ಮಸಿ ಹಿಡಿದಿದ್ದರೆ ಅನುಮಾನ ಪಡಿ. ತಣ್ಣಗಿರುವ ಎಂಜಿನ್‌ನಲ್ಲಿ ಪ್ಲಗ್ ಬುಡಕ್ಕೆ ಸೋಪು ನೀರು ಬಿಟ್ಟು, ಇಗ್ನಿಷನ್ ಆಫ್ ಮಾಡಿ, ಕಿಕ್ಕರನ್ನು ನಿಧಾನವಾಗಿ ಒತ್ತಿ. ಗುಳ್ಳೆ ಎದ್ದರೆ ಅಲ್ಲಿಂದ ಕಂಪ್ರೆಷನ್ ಸೋರುತ್ತಿದೆ ಎಂದೇ ಅರ್ಥ.

ಥ್ರೆಡ್ ಹೋಗುವುದು ಯಾಕೆ

ಸಿಲಿಂಡರ್ ಒಳಗಿನ ಒತ್ತಡವೇ ಪ್ಲಗ್ಗನ್ನು ಕಿತ್ತು ಹಾಕುತ್ತದೆ ಎಂಬ ನಂಬಿಕೆ ಸಾಮಾನ್ಯ. ಲೆಕ್ಕ ಹಾಕಿದರೆ ಹಾಗಲ್ಲ. 10 ಎಂಎಂ ಪ್ಲಗ್‌ನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.8 ಚದರ ಸೆಂಟಿಮೀಟರ್. ಉರಿಯುವಾಗ ಒತ್ತಡ 50 ಬಾರ್ ಎಂದು ಹಿಡಿದರೂ ಪ್ಲಗ್ ಮೇಲೆ ಬೀಳುವ ತಳ್ಳು ಸುಮಾರು 40 ಕೆಜಿ. ಅದೇ ಪ್ಲಗ್ಗನ್ನು 12 ನ್ಯೂಟನ್ ಮೀಟರ್‌ಗೆ ಬಿಗಿದಾಗ ಥ್ರೆಡ್ ಮೇಲೆ ಬೀಳುವ ಎಳೆತ ಹತ್ತಿರ ಹತ್ತಿರ 600 ಕೆಜಿ. ಇಪ್ಪತ್ತು ಸೆಂಟಿಮೀಟರ್ ಉದ್ದದ ಹಿಡಿಗೆ 25 ಕೆಜಿ ಬಲ ಹಾಕಿ ಬಿಗಿದರೆ ಅದು 50 ನ್ಯೂಟನ್ ಮೀಟರ್, ಅಂದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಥ್ರೆಡ್ ಹರಿಯುವುದು ಬಹುಪಾಲು ಕೈಬಲದಿಂದ. ಎಂಜಿನ್ ಪ್ಲಗ್ಗನ್ನು ಹಾರಿಸುವ ಹೊತ್ತಿಗೆ ಕೆಲಸ ಮುಕ್ಕಾಲು ಮುಗಿದಿರುತ್ತದೆ.

ಎರಡನೆಯ ಕಾರಣ ಬಿಸಿ. ಓಡಿಸಿ ಬಂದ ಕೂಡಲೇ ಪ್ಲಗ್ ಬಿಚ್ಚಬಾರದು ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಪ್ಲಗ್‌ನ ಉಕ್ಕು ಗಟ್ಟಿಯಾಗಿಯೇ ಇರುತ್ತದೆ. ಬಿಸಿ ಹೆಡ್‌ಗೆ ತಣ್ಣನೆ ಪ್ಲಗ್ ಹಾಕಿ ಬಿಗಿಯುವುದೂ ತಪ್ಪು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ, ಕುಗ್ಗುವ ಲೋಹ. ಹೆಡ್ ಆರಿದಾಗ ತೂತು ಕುಗ್ಗಿ ಪ್ಲಗ್ಗನ್ನು ಅವುಚಿಕೊಳ್ಳುತ್ತದೆ, ಮುಂದಿನ ಸಲ ಬಿಚ್ಚುವಾಗ ಥ್ರೆಡ್ ಸಮೇತ ಬರುತ್ತದೆ.

ಮೂರನೆಯದು ಅಷ್ಟಾಗಿ ಯಾರೂ ಗಮನಿಸದ ಕಾರಣ: ಉದ್ದ ತಪ್ಪಿದ ಪ್ಲಗ್. 12.7 ಎಂಎಂ ಥ್ರೆಡ್ ಉದ್ದದ ತೂತಿಗೆ 19 ಎಂಎಂ ಪ್ಲಗ್ ಹಾಕಿದರೆ ಕೊನೆಯ ಆರು ಎಂಎಂ ಬೆಂಕಿಯೊಳಗೆ ಬೆತ್ತಲಾಗಿ ನಿಲ್ಲುತ್ತದೆ. ಪಿಸ್ಟನ್ ಬಡಿಯದಿದ್ದರೆ ಅದೇ ಅದೃಷ್ಟ. ಆ ಸುತ್ತುಗಳ ಮೇಲೆ ಕೂತ ಗಟ್ಟಿ ಕಾರ್ಬನ್ ಬಿಚ್ಚುವಾಗ ಅರದಂತೆ ಕೆಲಸ ಮಾಡಿ ಹೆಡ್‌ನ ಥ್ರೆಡ್ಡನ್ನು ಒಳಗಿನಿಂದ ಕೆರೆದುಕೊಂಡು ಬರುತ್ತದೆ. ತಿರುವುಮುರುವಾಗಿ, ಉದ್ದ ತೂತಿಗೆ ಗಿಡ್ಡ ಪ್ಲಗ್ ಹಾಕಿ ಓಡಿಸಿದರೆ ಹೆಡ್‌ನ ಕೆಳಸುತ್ತುಗಳಲ್ಲಿ ಕಾರ್ಬನ್ ತುಂಬುತ್ತದೆ. ಆಮೇಲೊಂದು ದಿನ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಅರ್ಧಕ್ಕೇ ಬಿಗಿಯಾಗುತ್ತದೆ, ಯಾರೋ ಒತ್ತಿ ತಿರುಗಿಸುತ್ತಾರೆ.

ಓರೆಯಾಗಿ ಹಾಕಿ ಹಾಳು ಮಾಡುವುದಂತೂ ಇದ್ದೇ ಇದೆ. ಗಾಡಿಯ ಟೂಲ್ ಕಿಟ್‌ನಲ್ಲಿ ಬರುವ ತಗಡಿನ ಬಾಕ್ಸ್ ಪಾನಾಕ್ಕೆ ಕಂಬಿ ತೂರಿಸಿ ಒಂದೇ ಕಡೆ ಎಳೆದರೆ ಪಾನಾ ವಾಲುತ್ತದೆ, ಪ್ಲಗ್ಗೂ ವಾಲುತ್ತದೆ.

ಮೊದಲು ಅಳತೆ

ಭಾರತದ ಬೈಕುಗಳಲ್ಲಿ ಸಿಗುವ ಪ್ಲಗ್ ಥ್ರೆಡ್‌ಗಳು ಮುಖ್ಯವಾಗಿ ಮೂರು: 10×1.0, 12×1.25, 14×1.25. ಮೊದಲ ಅಂಕಿ ವ್ಯಾಸ, ಎರಡನೆಯದು ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ದೂರ), ಎರಡೂ ಎಂಎಂನಲ್ಲಿ. ಹಳೆಯ ಬುಲೆಟ್, ಜಾವಾ, ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಎಲ್ಲ 14ರ ಗುಂಪು. ಸಿಡಿ 100, ಸ್ಪ್ಲೆಂಡರ್ ಮೊದಲಾದ ಹೋಂಡಾ ವಂಶದ ಚಿಕ್ಕ ಎಂಜಿನ್‌ಗಳು 10ರ ಗುಂಪು.

ಪ್ಲಗ್ ಮೇಲಿನ ಕೋಡ್ ಓದಲು ಬಂದರೆ ಅರ್ಧ ಅಳತೆ ಅಲ್ಲೇ ಸಿಗುತ್ತದೆ. ಎನ್‌ಜಿಕೆ ಕಂಪನಿಯ ಸಾಮಾನ್ಯ ಕೋಡ್‌ನಲ್ಲಿ ಮೊದಲ ಅಕ್ಷರ ಬಿ ಇದ್ದರೆ 14 ಎಂಎಂ, ಡಿ ಇದ್ದರೆ 12, ಸಿ ಇದ್ದರೆ 10. ಅಂಕಿಯ ನಂತರದ ಎಚ್ ಎಂದರೆ 12.7 ಎಂಎಂ ಉದ್ದ, ಇ ಎಂದರೆ 19 ಎಂಎಂ. ಹೀಗಾಗಿ ಸಿ7ಎಚ್‌ಎಸ್‌ಎ ಎಂದರೆ 10 ಎಂಎಂ ಥ್ರೆಡ್, 12.7 ಉದ್ದ, ಡಿ8ಇಎ ಎಂದರೆ 12 ಎಂಎಂ, 19 ಉದ್ದ. ಬಾಷ್‌ನಲ್ಲಿ ಡಬ್ಲ್ಯೂ 14ಕ್ಕೆ, ಎಕ್ಸ್ 12ಕ್ಕೆ, ಯು 10ಕ್ಕೆ. ಹೊಸ ಗಾಡಿಗಳ ಕೆಲವು ಪ್ಲಗ್‌ಗಳ ಕೋಡ್ ಈ ಪದ್ಧತಿಗೆ ಹೊಂದುವುದಿಲ್ಲ, ಅಲ್ಲಿ ಮ್ಯಾನ್ಯುವಲ್ಲೇ ಗತಿ. ಒಂದು ಎಚ್ಚರ: ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಂಪು (ಅಂದರೆ ಬಿಸಿಯನ್ನು ಬೇಗ ಹೆಡ್‌ಗೆ ಬಿಡುವಂಥದ್ದು), ಬಾಷ್‌ನಲ್ಲಿ ಅದಕ್ಕೆ ತದ್ವಿರುದ್ಧ. ಅಂಗಡಿಯವನು ‘ಎರಡೂ ಏಳೇ ಸಾರ್’ ಎಂದರೆ ನಂಬಬೇಡಿ.

ತೂತಿನ ಆಳವನ್ನೂ ಅಳೆಯಿರಿ. ವಾಷರ್ ಕೂರುವ ಸೀಟಿನಿಂದ ದಹನ ಕೋಣೆಯ ಅಂಚಿನವರೆಗಿನ ದೂರ ಬೇಕು. ಹೆಡ್ ಕೈಯಲ್ಲಿದ್ದರೆ ಕ್ಯಾಲಿಪರ್ ಸಾಕು. ಗಾಡಿ ಮೇಲಿದ್ದರೆ ತೆಳು ತಂತಿಯ ತುದಿಯನ್ನು ಎರಡು ಎಂಎಂ ಬಗ್ಗಿಸಿ ಒಳಗೆ ಬಿಟ್ಟು, ಕೆಳ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಸೀಟಿನ ಮಟ್ಟದಲ್ಲಿ ಗುರುತು ಮಾಡಿ ಹೊರತೆಗೆಯಿರಿ. ಹೊಸ ಥ್ರೆಡ್‌ಗಾಗಿ ಹಾಕುವ ಕಾಯಿಲ್ (ತಂತಿಯ ಸುರುಳಿ) ಆಗಲಿ ಬುಷ್ (ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಕೊಳವೆ) ಆಗಲಿ ಈ ಅಳತೆಯನ್ನು ಮೀರಬಾರದು. ಕೋಣೆಯೊಳಗೆ ಇಣುಕುವ ಲೋಹದ ತುದಿ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಪಿಸ್ಟನ್ ತಲೆ ತೂತಾಗುವುದಕ್ಕೆ ಅಷ್ಟು ಸಾಕು.

ಹೆಡ್ ಬಿಚ್ಚಬೇಕೇ?

ಟೂ ಸ್ಟ್ರೋಕ್ ಆದರೆ ಚರ್ಚೆಯೇ ಬೇಡ, ಬಿಚ್ಚಿ. ಆರ್‌ಎಕ್ಸ್ 100 ಹೆಡ್‌ನಲ್ಲಿ ವಾಲ್ವ್ ಇಲ್ಲ, ಚೈನ್ ಇಲ್ಲ. ಕೆಲವೇ ನಟ್ ತೆಗೆದರೆ ಹೆಡ್ ಕೈಗೆ ಬರುತ್ತದೆ, ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್ ಒಂದು ಬೇಕು ಅಷ್ಟೇ. ಬಿಚ್ಚದೆ ಟ್ಯಾಪ್ (ಥ್ರೆಡ್ ಕತ್ತರಿಸುವ ಉಪಕರಣ) ಹೊಡೆದರೆ ಅಲ್ಯೂಮಿನಿಯಂ ಚೂರು ಪೋರ್ಟ್ ಮೂಲಕ ಕ್ರ್ಯಾಂಕ್‌ಕೇಸ್‌ಗೆ ಇಳಿದು ಬೇರಿಂಗ್ ಸೇರುತ್ತದೆ. ಹತ್ತು ನಿಮಿಷ ಉಳಿಸಲು ಹೋಗಿ ಕ್ರ್ಯಾಂಕ್ ತೆಗೆಸುವ ಕೆಲಸ.

ಫೋರ್ ಸ್ಟ್ರೋಕ್‌ನಲ್ಲಿ ಹೆಡ್ ಬಿಚ್ಚುವುದೆಂದರೆ ಟೈಮಿಂಗ್ ಚೈನ್, ಕ್ಯಾಮ್, ಗ್ಯಾಸ್ಕೆಟ್, ಟ್ಯಾಪೆಟ್ ಸೆಟಿಂಗ್ ಎಲ್ಲ ಬರುತ್ತದೆ. ಥ್ರೆಡ್ ಭಾಗಶಃ ಉಳಿದಿದ್ದು, ತೂತಿಗೆ ನೇರವಾಗಿ ಕೈ ಹೋಗುವಂತಿದ್ದರೆ ಗಾಡಿ ಮೇಲೇ ಮಾಡಬಹುದು. ಈ ಸಂದರ್ಭಗಳಲ್ಲಿ ಮಾತ್ರ ಬಿಚ್ಚಲೇಬೇಕು: ಥ್ರೆಡ್ ಪೂರ್ತಿ ಹೋಗಿ ತೂತು ಬೋಳಾಗಿರುವಾಗ, ಹಿಂದೆ ಯಾರೋ ಹಾಕಿದ ಓರೆ ಬುಷ್ ಇರುವಾಗ, ಪ್ಲಗ್ ತೂತಿನಿಂದ ವಾಲ್ವ್ ಸೀಟಿನ ಕಡೆಗೆ ಬಿರುಕಿನ ಅನುಮಾನ ಇರುವಾಗ. ಬಿರುಕು ನೋಡಲು ಹಳೆಯ ಉಪಾಯವೇ ಒಳ್ಳೆಯದು. ಹೆಡ್ ಒಳಭಾಗ ಚೊಕ್ಕ ಮಾಡಿ, ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಹಾಗೆ ಗೆರೆ ಮೂಡಿದ ಹೆಡ್‌ಗೆ ಬುಷ್ ಹಾಕಿಸುವುದು ದುಡ್ಡು ದಂಡ.

ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ

ಮೇಲಿನ ಒಂದೆರಡು ಸುತ್ತು ಮಡಿಚಿಕೊಂಡು ಕೆಳಗಿನವು ಚೆನ್ನಾಗಿದ್ದರೆ ಹೊಸ ಲೋಹ ಹಾಕಬೇಕಾಗಿಲ್ಲ, ಇದ್ದ ಥ್ರೆಡ್ಡನ್ನೇ ಸರಿಪಡಿಸಬಹುದು. ಇದಕ್ಕೆ ಕತ್ತರಿಸುವ ಟ್ಯಾಪ್‌ಗಿಂತ ಥ್ರೆಡ್ ಚೇಸರ್ ಮೇಲು, ಅದು ಲೋಹವನ್ನು ತೆಗೆಯದೆ ಜಾಗಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬ್ಯಾಕ್ ಟ್ಯಾಪ್. ಮಡಿಚಿದ ಸ್ಥಿತಿಯಲ್ಲಿ ತೂತಿನೊಳಗೆ ಇಳಿಸಿ, ಒಳಗೆ ಅರಳಿಸಿ, ಒಳಗಿನಿಂದ ಹೊರಗೆ ತಿರುಗಿಸಿಕೊಂಡು ಬರುವ ಉಪಕರಣ ಇದು. ಚೆನ್ನಾಗಿರುವ ಕೆಳಸುತ್ತುಗಳನ್ನು ಹಿಡಿದುಕೊಂಡೇ ಬರುವುದರಿಂದ ಓರೆಯಾಗುವ ಭಯವಿಲ್ಲ, ಚೂರು ಕೂಡ ಹೊರಗೇ ಬೀಳುತ್ತದೆ.

ಇವೆರಡೂ ಸಿಗದಿದ್ದರೆ ಅದೇ ಅಳತೆಯ ಹಳೆಯ ಪ್ಲಗ್ ಒಂದನ್ನು ತೆಗೆದುಕೊಂಡು, ಥ್ರೆಡ್ ಮೇಲೆ ಉದ್ದುದ್ದಕ್ಕೆ ಮೂರು ಕಡೆ ಹ್ಯಾಕ್‌ಸಾ ಬ್ಲೇಡಿನಿಂದ ಕಾಲುವೆ ಕೊರೆಯಿರಿ. ಅಂಚಿನ ಬರ್ ಅನ್ನು ಅರದಿಂದ ತೆಗೆದು, ಕಾಲುವೆಗೆ ಗ್ರೀಸ್ ತುಂಬಿ ಕೈಯಲ್ಲೇ ಹಾಕಿ. ಮೊದಲು ಉಲ್ಟಾ ತಿರುಗಿಸಿ. ಒಂದು ಸುತ್ತಿನಲ್ಲಿ ಎಲ್ಲೋ ಟಕ್ ಎಂದು ಸಣ್ಣಗೆ ಕೆಳಗೆ ಇಳಿದ ಅನುಭವ ಬೆರಳಿಗೆ ಸಿಗುತ್ತದೆ. ಥ್ರೆಡ್‌ನ ಬಾಯಿ ಇರುವುದು ಅಲ್ಲೇ. ಅಲ್ಲಿಂದ ಸೀದಾ ತಿರುಗಿಸಿ. ಹೊಸ ಪ್ಲಗ್ ಹಾಕುವಾಗಲೂ ಇದೇ ಕ್ರಮ.

ಕಾಯಿಲ್ ಹಾಕುವುದು

ಮೆಕ್ಯಾನಿಕ್‌ಗಳು ಸ್ಪ್ರಿಂಗ್ ಎಂದೂ ಕರೆಯುವ ಹೆಲಿಕಾಯಿಲ್, ಸ್ಟೇನ್‌ಲೆಸ್ ತಂತಿಯ ಸುರುಳಿ. ಹೊರಮೈ ಹೆಡ್‌ಗೆ, ಒಳಮೈ ಪ್ಲಗ್‌ಗೆ ಥ್ರೆಡ್ ಆಗುತ್ತದೆ. ಕಿಟ್‌ನಲ್ಲಿ ಅದಕ್ಕೇ ಮೀಸಲಾದ ಟ್ಯಾಪ್ ಇರುತ್ತದೆ, ಮಾಮೂಲಿ ಟ್ಯಾಪ್ ಇಲ್ಲಿ ಬಾರದು. 14×1.25ಕ್ಕೆ ಈ ಟ್ಯಾಪ್‌ನ ಹೊರವ್ಯಾಸ ಸುಮಾರು 15.6 ಎಂಎಂ, 10×1.0ಕ್ಕೆ 11.3. ಅದಕ್ಕೆ ಮೊದಲು ಕೊರೆಯುವ ಡ್ರಿಲ್ 14ಕ್ಕೆ ಸುಮಾರು 14.3, 12ಕ್ಕೆ 12.3, 10ಕ್ಕೆ 10.25. ಅಂದರೆ ಸುತ್ತಲೂ ಒಂದು ಎಂಎಂಗಿಂತ ಕಡಿಮೆ ಲೋಹ ಹೋಗುತ್ತದೆ. ಹೆಡ್‌ನಲ್ಲಿ ಜಾಗ ಕಡಿಮೆ ಇದ್ದಾಗ ಕಾಯಿಲ್‌ಗೆ ಇರುವ ದೊಡ್ಡ ಅನುಕೂಲ ಇದು.

ಹೆಡ್ಡನ್ನು ಮೆತ್ತನೆ ಮರದ ತುಂಡಿನ ನಡುವೆ ಅಥವಾ ಡ್ರಿಲ್ ಮೆಷಿನ್ ಮೇಜಿಗೆ ಕ್ಲ್ಯಾಂಪ್ ಮಾಡಿ. ಪ್ಲಗ್ ಸೀಟಿನ ಮೇಲೆ ಸಣ್ಣ ರೈಟ್ ಆ್ಯಂಗಲ್ ಇಟ್ಟು ಡ್ರಿಲ್‌ಗೆ ಎರಡು ದಿಕ್ಕಿನಿಂದ ಹೋಲಿಸಿ. ಎರಡೂ ಕಡೆ ಬೆಳಕಿನ ಸಂದು ಸಮನಾಗಿರಬೇಕು. ಇಲ್ಲಿ ಹೊತ್ತು ಕಳೆಯುವುದಕ್ಕೆ ಬೇಸರ ಬೇಡ. ಟ್ಯಾಪ್ ಒಂದು ಡಿಗ್ರಿ ವಾಲಿದರೂ 20 ಎಂಎಂ ಅಗಲದ ವಾಷರ್‌ನ ಒಂದು ಬದಿ 0.35 ಎಂಎಂ ಮೇಲೆ ನಿಲ್ಲುತ್ತದೆ. ಕುಗ್ಗುವ ವಾಷರ್ ಅಷ್ಟನ್ನು ಸಮವಾಗಿ ಮುಚ್ಚಲಾರದು. ಥ್ರೆಡ್ ಎಷ್ಟೇ ಗಟ್ಟಿಯಾಗಿದ್ದರೂ ಸೋರುತ್ತದೆ, ಸೋರಿದ್ದಕ್ಕೆ ಇನ್ನಷ್ಟು ಬಿಗಿಯುತ್ತಾರೆ, ಮತ್ತೆ ಹರಿಯುತ್ತದೆ.

ನಿಧಾನ ವೇಗದಲ್ಲಿ, ಸೀಮೆಎಣ್ಣೆ ಬಿಡುತ್ತಾ ಕೊರೆಯಿರಿ. ಅಲ್ಯೂಮಿನಿಯಂ ಡ್ರಿಲ್ ಬಾಯಿಗೆ ಮೆತ್ತಿಕೊಳ್ಳದಂತೆ ನೋಡಿಕೊಳ್ಳಲು ಸೀಮೆಎಣ್ಣೆಯಷ್ಟು ಚೆನ್ನಾದದ್ದು ಮತ್ತೊಂದಿಲ್ಲ. ಸಿಗದ ಕಡೆ ಡಬ್ಲ್ಯೂಡಿ-40 ನಡೆಯುತ್ತದೆ. ಆಮೇಲೆ ಹೆಡ್ ಅಲುಗಾಡಿಸದೆ ಅದೇ ಮೆಷಿನ್ ಚಕ್‌ಗೆ ಟ್ಯಾಪ್ ಕಚ್ಚಿಸಿ, ಕರೆಂಟ್ ತೆಗೆದು, ಚಕ್ಕನ್ನು ಕೈಯಲ್ಲೇ ತಿರುಗಿಸಿ ಮೊದಲ ಮೂರು ನಾಲ್ಕು ಸುತ್ತು ಇಳಿಸಿ. ಅಷ್ಟು ನೇರವಾಗಿ ಹಿಡಿದ ಮೇಲೆ ಟ್ಯಾಪ್ ಹ್ಯಾಂಡಲ್ ಹಾಕಬಹುದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಮೂರು ಸುತ್ತಿಗೊಮ್ಮೆ ಪೂರ್ತಿ ಹೊರತೆಗೆದು ಬ್ರಷ್‌ನಿಂದ ಚೂರು ತೆಗೆಯಿರಿ.

ಕಾಯಿಲನ್ನು ಅದರ ಮ್ಯಾಂಡ್ರೆಲ್‌ಗೆ (ಇಳಿಸುವ ಹಿಡಿಗೆ) ಸಿಕ್ಕಿಸಿ, ಕೆಳಗೆ ಒತ್ತದೆ ಬರೀ ತಿರುಗಿಸುತ್ತಾ ಇಳಿಸಿ. ಒತ್ತಿದರೆ ಒಂದು ಸುತ್ತು ಹಾರಿ ಮುಂದಿನ ಸುತ್ತಿನಲ್ಲಿ ಕೂರುತ್ತದೆ, ಪ್ಲಗ್ ನಡುವೆ ಸಿಕ್ಕಿಕೊಳ್ಳುತ್ತದೆ. ಕಾಯಿಲ್‌ನ ಮೇಲ್ತುದಿ ಸೀಟಿಗಿಂತ ಕಾಲಿನಿಂದ ಅರ್ಧ ಸುತ್ತು ಕೆಳಗಿರಬೇಕು, ಕೆಳತುದಿ ಕೋಣೆಯ ಅಂಚನ್ನು ದಾಟಬಾರದು. ಇನ್ನುಳಿದದ್ದು ಕೆಳತುದಿಯಲ್ಲಿ ಅಡ್ಡ ನಿಂತ ಹಿಡಿಕೆಯ ಕಡ್ಡಿ. ಅದನ್ನು ಮುರಿದು ತೆಗೆಯಲೇಬೇಕು, ಇಲ್ಲದಿದ್ದರೆ ಪ್ಲಗ್ ಇಳಿಯುವುದಿಲ್ಲ. ಹೆಡ್ ಮೇಜಿನ ಮೇಲಿದ್ದರೆ ಒಂದು ಏಟು ಸಾಕು. ಗಾಡಿ ಮೇಲಿದ್ದರೆ ಉದ್ದ ಮೂಗಿನ ಪ್ಲೈಯರ್‌ನಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ಮುರಿದು, ಹಿಡಿದುಕೊಂಡೇ ಹೊರತೆಗೆಯಿರಿ. ಒಳಗೆ ಬಿದ್ದರೆ ಮ್ಯಾಗ್ನೆಟ್‌ನಿಂದ ಎತ್ತುತ್ತೇನೆ ಎಂದುಕೊಳ್ಳಬೇಡಿ, ಆ ಜಾತಿಯ ಸ್ಟೇನ್‌ಲೆಸ್ ಮ್ಯಾಗ್ನೆಟ್‌ಗೆ ಸರಿಯಾಗಿ ಅಂಟುವುದಿಲ್ಲ.

ಗಟ್ಟಿ ಬುಷ್ ಏಕೆ ಮೇಲು

14 ಎಂಎಂ ಪ್ಲಗ್‌ಗೆ ಕಾಯಿಲ್ ಚೆನ್ನಾಗಿಯೇ ಬಾಳುತ್ತದೆ. ಆದರೆ ಆಗಾಗ ಪ್ಲಗ್ ಬಿಚ್ಚುವ ಟೂ ಸ್ಟ್ರೋಕ್ ಗಾಡಿಗೆ, ಮತ್ತು ಸಣ್ಣ ಪಿಚ್ಚಿನ 10 ಎಂಎಂ ಪ್ಲಗ್‌ಗೆ, ಗಟ್ಟಿ ಬುಷ್ಷೇ ಸರಿ. ಕಾಯಿಲ್‌ಗೆ ಎರಡು ದೌರ್ಬಲ್ಯ. ಪ್ಲಗ್ ಸ್ವಲ್ಪ ಕಚ್ಚಿಕೊಂಡರೂ ಬಿಚ್ಚುವಾಗ ಕಾಯಿಲ್ ಜೊತೆಯಲ್ಲೇ ಬರುತ್ತದೆ. ಸುರುಳಿಯ ಸಂದಿಯುದ್ದಕ್ಕೂ ಗ್ಯಾಸ್‌ಗೆ ದಾರಿ ಇರುವುದರಿಂದ ಪೂರ್ತಿ ಭಾರ ವಾಷರ್ ಮೇಲೆಯೇ ಬೀಳುತ್ತದೆ.

ಟೈಮ್‌ಸರ್ಟ್ ಬಗೆಯ ಕಿಟ್‌ನಲ್ಲಿ ಡ್ರಿಲ್, ಸೀಟ್ ಕೊರೆಯುವ ಕೌಂಟರ್‌ಬೋರ್ ಕಟರ್, ಟ್ಯಾಪ್ ಮತ್ತು ಡ್ರೈವರ್ ಇರುತ್ತವೆ. ಕೊರೆದು, ಬುಷ್‌ನ ಮೇಲಿನ ಅಗಲ ಅಂಚು, ಅಂದರೆ ಕಾಲರ್, ಕೂರುವ ಜಾಗ ಮಾಡಿ, ಚೂರು ತೆಗೆದು, ಟ್ಯಾಪ್ ಹೊಡೆದು, ಬುಷ್ ಇಳಿಸುವುದು. ಇದರ ಜಾಣತನ ಇರುವುದು ಕೊನೆಯಲ್ಲಿ: ಬುಷ್‌ನ ಕೆಳಗಿನ ಕೆಲವು ಸುತ್ತುಗಳ ಒಳಥ್ರೆಡ್ ಪೂರ್ಣವಾಗಿ ಮಾಡಿರುವುದಿಲ್ಲ. ಎಣ್ಣೆ ಹಚ್ಚಿದ ಡ್ರೈವರ್ ಅಲ್ಲಿಗೆ ತಲುಪಿದಾಗ ಆ ಸುತ್ತುಗಳನ್ನು ಹೊರಕ್ಕೆ ಒತ್ತಿ ಹೆಡ್‌ಗೆ ಕಚ್ಚಿಸುತ್ತದೆ. ತಿರುಗಿಸುವಾಗ ಕೈಗೆ ಬಿಗಿಯಾಗಿ ಸಿಕ್ಕಿ, ಆಮೇಲೆ ಸಡಿಲಾಗುತ್ತದೆ. ಆ ಸಡಿಲವೇ ಕೆಲಸ ಮುಗಿದ ಗುರುತು. ಬಿಗಿ ಬಂತೆಂದು ನಡುವೆಯೇ ನಿಲ್ಲಿಸಿದವರ ಬುಷ್ ಮುಂದಿನ ಪ್ಲಗ್ ಬದಲಾವಣೆಗೆ ಪ್ಲಗ್ ಜೊತೆ ಹೊರಬರುತ್ತದೆ.

ಇನ್ನೂ ಅಗ್ಗದ ಕಿಟ್ ಒಂದಿದೆ. ಮೆಟ್ಟಿಲು ಟ್ಯಾಪ್: ಕೆಳಭಾಗ 14ರ ಹಳೆಯ ಥ್ರೆಡ್‌ನಲ್ಲಿ ದಾರಿ ಹಿಡಿಯುತ್ತದೆ, ಮೇಲ್ಭಾಗ ಬುಷ್‌ಗೆ ಬೇಕಾದ ದೊಡ್ಡ ಥ್ರೆಡ್ ಕತ್ತರಿಸುತ್ತದೆ. ಬುಷ್‌ಗಳು ಅರ್ಧ ಇಂಚು, ಮುಕ್ಕಾಲು ಇಂಚು ಹೀಗೆ ಬರುತ್ತವೆ. ಅರ್ಧ ಇಂಚು ನಮ್ಮ 12.7, ಮುಕ್ಕಾಲು ಇಂಚು 19. ಹಳೆಯ ಥ್ರೆಡ್ ಸ್ವಲ್ಪವಾದರೂ ಉಳಿದಿದ್ದರೆ ಇದು ತಾನಾಗಿಯೇ ನೇರ ಇಳಿಯುತ್ತದೆ, ಗಾಡಿ ಮೇಲಿನ ಕೆಲಸಕ್ಕೆ ಅನುಕೂಲ. ಥ್ರೆಡ್ ಪೂರ್ತಿ ಬೋಳಾಗಿದ್ದರೆ ಇದರಷ್ಟು ಸುಲಭವಾಗಿ ಓರೆಯಾಗುವುದು ಬೇರೆ ಇಲ್ಲ.

ಲೇತ್‌ನಲ್ಲಿ ಮಾಡಿಸುವ ಬುಷ್

ಬೆಂಗಳೂರಿನ ಜೆ.ಸಿ. ರಸ್ತೆ, ಎಸ್‌ಜೆಪಿ ರಸ್ತೆಗಳಲ್ಲಿ ಕಿಟ್‌ಗಾಗಿ ಹುಡುಕಬಹುದು. ಊರಿನಲ್ಲಿ ಕೈಗೆ ಸಿಗುವುದು ಲೇತ್ ಅಂಗಡಿಯೇ, ಮತ್ತು ಒಳ್ಳೆಯ ಲೇತ್ ಕೆಲಸಗಾರ ಮಾಡಿದ ಬುಷ್ ಯಾವ ಕಿಟ್‌ಗೂ ಕಡಿಮೆಯಿಲ್ಲ. ‘ಬುಷ್ ಹಾಕಿ’ ಎಂದು ಕೊಟ್ಟು ಬರದೆ ಅಳತೆ ಹೇಳಿ ಬನ್ನಿ.

10×1.0 ಪ್ಲಗ್‌ಗೆ ಬುಷ್‌ನ ಹೊರಥ್ರೆಡ್ 14×1.25 ಇರಲಿ. ಅದಕ್ಕೆ ಬೇಕಾದ ಟ್ಯಾಪ್ ಮಾಮೂಲಿ 14ರ ಪ್ಲಗ್ ಟ್ಯಾಪೇ, ಡ್ರಿಲ್ 12.8. 14×1.25 ಪ್ಲಗ್‌ಗೆ ಹೊರಥ್ರೆಡ್ 18×1.5, ಡ್ರಿಲ್ 16.5. ಎರಡರಲ್ಲೂ ಒಳ ಹೊರ ಥ್ರೆಡ್‌ಗಳ ನಡುವೆ ಸುಮಾರು 1.2 ಎಂಎಂ ಗೋಡೆ ಉಳಿಯುತ್ತದೆ. ಅದಕ್ಕಿಂತ ತೆಳುವಾದರೆ ಬಿಗಿಯುವಾಗ ಸೀಳುತ್ತದೆ. ವಾಲ್ವ್ ಸೀಟಿಗೂ ಹೊಸ ತೂತಿನ ಅಂಚಿಗೂ ನಡುವೆ ಎಷ್ಟು ಲೋಹ ಉಳಿಯುತ್ತದೆಂದು ಒಳಗಿನಿಂದ ನೋಡಿಯೇ ಮುಂದುವರಿಯಿರಿ.

ಲೋಹದ ಆಯ್ಕೆಯಲ್ಲಿ ಫಾಸ್ಫರ್ ಬ್ರಾಂಜ್ ನಮ್ಮ ಮೊದಲ ಆಯ್ಕೆ. ಬಿಸಿಗೆ ಅಲ್ಯೂಮಿನಿಯಂಗೆ ಹತ್ತಿರವಾಗಿ ಹಿಗ್ಗುತ್ತದೆ, ಪ್ಲಗ್‌ಗೆ ಕಚ್ಚಿಕೊಳ್ಳುವುದಿಲ್ಲ. ಉಕ್ಕಿನ ಬುಷ್ ಗಟ್ಟಿ, ಆದರೆ ಹೆಡ್ ಕಾದಾಗ ಸುತ್ತಲಿನ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ, ಹಾಗಾಗಿ ಕಾಲರ್ ಮತ್ತು ಲಾಕಿಂಗ್ ಚೆನ್ನಾಗಿರಲೇಬೇಕು. ಸಾಮಾನ್ಯ ಹಿತ್ತಾಳೆ ಅಗ್ಗ, ಆದರೆ ಬಿಸಿಗೆ ಬಲ ಕಳೆದುಕೊಳ್ಳುತ್ತದೆ.

ಬುಷ್‌ಗೆ ಮೇಲೆ ಒಂದೂವರೆ ಎಂಎಂ ದಪ್ಪದ ಕಾಲರ್ ಬೇಕು. ಅದರ ಅಗಲ ಪ್ಲಗ್ ವಾಷರ್‌ಗಿಂತ ಒಂದು ಎಂಎಂ ಹೆಚ್ಚಿರಲಿ. ಅಷ್ಟೇ ಆಳಕ್ಕೆ ಹೆಡ್‌ನಲ್ಲಿ ಕೌಂಟರ್‌ಬೋರ್ ಮಾಡಿಸಿ. ಇದನ್ನು ಮರೆತರೆ ಪ್ಲಗ್ ಒಂದೂವರೆ ಎಂಎಂ ಮೇಲೆ ಕೂರುತ್ತದೆ, ಕಿಡಿಯ ಜಾಗ ಕೋಣೆಯೊಳಗಿಂದ ಹಿಂದೆ ಸರಿಯುತ್ತದೆ. ಕಾಲರ್ ಇಲ್ಲದ ಬುಷ್ ಅನ್ನು ಪ್ಲಗ್ ಬಿಗಿದಾಗಲೆಲ್ಲ ಒಳಕ್ಕೆ ತಳ್ಳುತ್ತದೆ, ಬಿಚ್ಚಿದಾಗಲೆಲ್ಲ ಹೊರಕ್ಕೆ ಎಳೆಯುತ್ತದೆ.

ಕೂರಿಸುವಾಗ ಎರಡೂ ಥ್ರೆಡ್ಡನ್ನು ಅಸಿಟೋನ್‌ನಿಂದ ಜಿಡ್ಡು ಹೋಗುವಂತೆ ತೊಳೆದು, ಹೆಚ್ಚು ಶಾಖ ತಾಳುವ ಲಾಕ್‌ಟೈಟ್ 272 ಥರದ್ದನ್ನು ಹೊರಥ್ರೆಡ್‌ಗೆ ಹಚ್ಚಿ, ಬಿಗಿದು, ಒಂದು ದಿನ ಬಿಡಿ. ಮಾಮೂಲಿ ನೀಲಿ ಲಾಕ್‌ಟೈಟ್ ಈ ಬಿಸಿಗೆ ನಿಲ್ಲುವುದಿಲ್ಲ. ದಹನ ಕೋಣೆಯ ಕಡೆಯಿಂದ ಬುಷ್ ಅಂಚಿಗೆ ಎರಡು ಕಡೆ ಪಂಚ್ ಹೊಡೆದರೆ ತಿರುಗುವುದಿಲ್ಲ. ಕೋಣೆಯೊಳಗೆ ಚಾಚಿದ ತುದಿಯನ್ನು ಅರದಿಂದ ಸಮ ಮಾಡಿ, ಚೂಪು ಅಂಚು ಉಳಿಸಬೇಡಿ. ಇದೆಲ್ಲ ಆದ ಮೇಲೆ ಒಳಥ್ರೆಡ್‌ಗೆ ಒಮ್ಮೆ ಟ್ಯಾಪ್ ಇಳಿಸಿ ನೋಡಿ, ಪಂಚ್ ಏಟಿಗೆ ಕೊನೆಯ ಸುತ್ತು ಕುಗ್ಗಿರಬಹುದು.

ಗಾಡಿ ಮೇಲೇ ಮಾಡುವಾಗ ಚೂರಿನ ಕಾಟ

ಮ್ಯಾಗ್ನೆಟೊ ಬದಿಯಿಂದ ಎಂಜಿನ್ ತಿರುಗಿಸಿ ಕಂಪ್ರೆಷನ್ ಟಿಡಿಸಿಗೆ (ಕಂಪ್ರೆಷನ್ ಮುಗಿದು ಪಿಸ್ಟನ್ ಪೂರ್ತಿ ಮೇಲೆ ಬಂದ ಸ್ಥಿತಿಗೆ) ತನ್ನಿ, ಅಲ್ಲಿಂದ ಪಿಸ್ಟನ್ ಎರಡು ಸೆಂಟಿಮೀಟರ್ ಕೆಳಗಿಳಿಯುವಷ್ಟು ಮುಂದೆ ತಿರುಗಿಸಿ. ಈ ಸ್ಥಿತಿಯಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ಟ್ಯಾಪ್ ತುದಿ ವಾಲ್ವ್‌ಗೂ ತಗುಲದು, ಪಿಸ್ಟನ್‌ಗೂ ತಗುಲದು. ಟ್ಯಾಪ್‌ನ ಕಾಲುವೆಗಳಿಗೆ ದಪ್ಪ ಗ್ರೀಸ್ ತುಂಬಿ. ಎರಡು ಸುತ್ತಿಗೊಮ್ಮೆ ಹೊರತೆಗೆದು, ಒರೆಸಿ, ಮತ್ತೆ ಗ್ರೀಸ್ ತುಂಬಿ. ಸಿಲಿಂಡರ್ ಒಳಗೆ ಶೇವಿಂಗ್ ಫೋಮ್ ತುಂಬಿಟ್ಟುಕೊಂಡರೆ ಬಿದ್ದ ಚೂರು ಅದರಲ್ಲೇ ತೇಲಿಕೊಂಡಿರುತ್ತದೆ.

ಕೆಲಸ ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಆರು ಎಂಎಂ ಪೈಪ್ ಟೇಪ್ ಮಾಡಿ ಒಳಗೆಲ್ಲ ಎಳೆಯಿರಿ. ನಂತರ ಎಂಜಿನ್ ತಿರುಗಿಸಿ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಗೆ ತಂದು, ಕನ್ನಡಕ ಹಾಕಿಕೊಂಡು, ಪ್ಲಗ್ ತೂತಿನಿಂದ ಗಾಳಿ ಹೊಡೆಯಿರಿ. ಸೈಲೆನ್ಸರ್ ಬಿಚ್ಚಿಟ್ಟಿದ್ದರೆ ಚೂರು ಹೊರಗೇ ಹೋಗುತ್ತದೆ. ಕೊನೆಗೆ ಪ್ಲಗ್ ಇಲ್ಲದೆ ಹತ್ತು ಹದಿನೈದು ಕಿಕ್. ಆಗ ಇಗ್ನಿಷನ್ ಆಫ್ ಇರಲಿ, ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲಬಾರದು. ಚೂರು ಅಲ್ಯೂಮಿನಿಯಂ ಆದ್ದರಿಂದ ಇಲ್ಲೂ ಮ್ಯಾಗ್ನೆಟ್ ನಿರುಪಯೋಗಿ.

ಪ್ಲಗ್ ಹಾಕುವುದು, ಪರೀಕ್ಷೆ

ಹೊಸ ಪ್ಲಗ್, ಹೊಸ ವಾಷರ್. ಪಿಂಗಾಣಿಯ ಮೇಲೆ ಬಿಗಿಯಾಗಿ ಕೂರುವ ಪೆಟ್ರೋಲ್ ಪೈಪ್ ತುಂಡನ್ನು ಸಿಕ್ಕಿಸಿ ಅದರಿಂದಲೇ ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರುತ್ತದೆ, ಹಾನಿ ಆಗುವುದಿಲ್ಲ. ವಾಷರ್ ತಗುಲುವವರೆಗೂ ಪಾನಾ ಮುಟ್ಟಬೇಡಿ. ಅಲ್ಯೂಮಿನಿಯಂ ಹೆಡ್‌ಗೆ ಎನ್‌ಜಿಕೆ ಹೇಳುವ ಬಿಗಿ 10 ಎಂಎಂಗೆ 10ರಿಂದ 12 ನ್ಯೂಟನ್ ಮೀಟರ್, 12 ಎಂಎಂಗೆ 15ರಿಂದ 20, 14 ಎಂಎಂಗೆ 25ರಿಂದ 30. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ ವಾಷರ್ ತಗುಲಿದ ಮೇಲೆ ಅರ್ಧ ಸುತ್ತು. ಹಳೆಯ, ಈಗಾಗಲೇ ಕುಗ್ಗಿದ ವಾಷರ್ ಆದರೆ ಹನ್ನೆರಡನೇ ಒಂದು ಭಾಗ, ಅಂದರೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು. ಆ್ಯಂಟಿಸೀಜ್ ಗ್ರೀಸ್ ಹಚ್ಚುವ ಅಭ್ಯಾಸ ಬೇಡ. ಲೇಪನವಿರುವ ಪ್ಲಗ್‌ಗೆ ಅದರ ಅಗತ್ಯವಿಲ್ಲ, ಜಾರುವಿಕೆ ಹೆಚ್ಚಾಗಿ ಅದೇ ಟಾರ್ಕ್‌ಗೆ ಹೆಚ್ಚು ಬಿಗಿಯುತ್ತದೆ.

ಮಲ್ಟಿಮೀಟರ್‌ನಲ್ಲಿ ಪ್ಲಗ್‌ನ ಲೋಹದ ಮೈಗೂ ಹೆಡ್‌ಗೂ ನಡುವೆ ನೋಡಿ, ಹೆಚ್ಚು ಕಡಿಮೆ ಸೊನ್ನೆ ಓಮ್ ಬರಬೇಕು. ಕಿಡಿ ಹಿಂದಿರುಗುವ ದಾರಿ ಈಗ ಬುಷ್ ಮೂಲಕವೇ. ಸೋಪು ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಬಿಗಿ ನೋಡಿ. ನೂರು ಕಿಲೋಮೀಟರ್ ಆದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಒಳ್ಳೆಯದು. ಪಿಂಗಾಣಿ ತೀರಾ ಬಿಳುಪಾಗಿ ಗುಳ್ಳೆ ಎದ್ದಿದ್ದರೆ ಪ್ಲಗ್‌ನ ಬಿಸಿ ಹೆಡ್‌ಗೆ ಹೋಗುತ್ತಿಲ್ಲ, ಅಂದರೆ ಸೀಟು ಸರಿಯಾಗಿ ಕೂತಿಲ್ಲ.

ಎಂ-ಸೀಲ್, ಅರಾಲ್ಡೈಟ್, ಟೆಫ್ಲಾನ್ ಟೇಪ್, ತಾಮ್ರದ ತಂತಿ ಸುತ್ತುವುದು, ತೂತಿನ ಸುತ್ತ ಪಂಚ್ ಹೊಡೆದು ಕಿರಿದು ಮಾಡುವುದು, ಇವು ಯಾವುವೂ ಪ್ಲಗ್ ಬುಡದ ಬಿಸಿಗೂ ಒತ್ತಡಕ್ಕೂ ನಿಲ್ಲುವ ಉಪಾಯಗಳಲ್ಲ. ಬೋಳಾದ 10 ಎಂಎಂ ತೂತಿಗೆ 12ರ ಟ್ಯಾಪ್ ಹೊಡೆದು 12ರ ಪ್ಲಗ್ ಹಾಕುವುದು ನಡೆಯುತ್ತದೆ, ಆದರೆ 12.7 ಉದ್ದದ, ಅದೇ ಶಾಖಮಟ್ಟದ ಪ್ಲಗ್ ಹುಡುಕಿಕೊಂಡ ಮೇಲೆ ಮಾತ್ರ. 12ರಲ್ಲಿ ಅಂಗಡಿಯಲ್ಲಿ ಸಲೀಸಾಗಿ ಕೈಗೆ ಸಿಗುವುದು 19 ಉದ್ದದ್ದು, ಅದು ಪಿಸ್ಟನ್‌ಗೆ ಬಡಿಯಬಹುದು. ಟಿಗ್ ವೆಲ್ಡ್ ಮಾಡಿ ತೂತು ತುಂಬಿ ಹೊಸದಾಗಿ ಕೊರೆಯುವುದು ಕೊನೆಯ ದಾರಿ. ಹೆಡ್ ಸೊಟ್ಟಗಾಗಬಹುದು, ವಾಲ್ವ್ ಸೀಟು ಸಡಿಲಾಗಬಹುದು. ವೆಲ್ಡ್ ಆದ ಹೆಡ್ಡನ್ನು ಮುಖ ಸಮ ಮಾಡಿಸದೆ ಕೂರಿಸಬೇಡಿ.

ಮುಂದೆಂದಾದರೂ ಪ್ಲಗ್ ಜೊತೆ ಕಾಯಿಲ್ ಹೊರಬಂದರೆ ಅದನ್ನೇ ಬಿಡಿಸಿ ಮತ್ತೆ ಹಾಕಬೇಡಿ. ಹಿಗ್ಗಿದ ಸುರುಳಿ ತೂತಿಗೆ ಮೊದಲಿನಂತೆ ಹಿಡಿಯುವುದಿಲ್ಲ. ತೂತಿನ ಥ್ರೆಡ್ ಚೆನ್ನಾಗಿದ್ದರೆ ಹೊಸ ಕಾಯಿಲ್ ಒಂದು ಸಲ ಹಾಕಿ ನೋಡಬಹುದು. ಅದರ ಅಂಚುಗಳೂ ಸವೆದಿದ್ದರೆ ನೇರವಾಗಿ 18×1.5 ಬುಷ್‌ಗೆ ಹೋಗಿ, 15.6ರ ತೂತಿನಿಂದ 16.5ರ ಡ್ರಿಲ್‌ಗೆ ಇನ್ನೂ ಲೋಹ ಉಳಿದಿರುತ್ತದೆ.